ಬೀಜಗಣಿತಕ್ಕೆ ಟ್ಯೂಟರ್ ಹುಡುಕುವ ಮುನ್ನ

(ಬಾತಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಶಿಕ್ಷಣದ ಮಹತ್ವದ ಬಗ್ಗೆ ಮಾತಾಡಿ ಎಂದು ಟ್ರಸ್ಟಿನವರು ಹೇಳಿದ್ದಾರೆ. ಆ ಮಹತ್ವ ಗೊತ್ತಿಲ್ಲದವರು ಯಾರೂ ಈ ಸಭೆಗೆ ಬಂದಿಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದು ಕೂತಿದ್ದೀರಿ. ಆದ್ದರಿಂದ ನೀವು ನನ್ನನ್ನು ಪ್ರತಿ ವರ್ಷ ಕೇಳುವ ಒಂದೇ ಒಂದು ಪ್ರಶ್ನೆಗೆ ಇವತ್ತು ಉತ್ತರ ಕೊಡುತ್ತೇನೆ. ಅರ್ಜಿ ಕೊಡಲು ಬಂದಾಗ ತಾಯಂದಿರು ಕೇಳುತ್ತಾರೆ: "ಟೀಚರ್, ಗಣಿತಕ್ಕೆ ಒಳ್ಳೇ ಟ್ಯೂಷನ್ ಎಲ್ಲಿದೆ ಹೇಳಿ." ಗಣಿತದಲ್ಲಿ ಯಾವುದು ಕಷ್ಟ ಅಂದರೆ, "ಎಕ್ಸ್, ವೈ ಬಂದಮೇಲೆ ಏನೂ ತಿಳಿಯೋದಿಲ್ಲ ಅಂತಾಳೆ" ಎನ್ನುತ್ತಾರೆ. ಅಂದರೆ ಬೀಜಗಣಿತ.

ಇದು ಸಣ್ಣ ವಿಷಯವಲ್ಲ. ಹತ್ತನೆಯ ತರಗತಿಯಲ್ಲಿ ಬಹುಪದೋಕ್ತಿ, ಎರಡು ಚರಾಕ್ಷರಗಳ ಸಮೀಕರಣ, ವರ್ಗ ಸಮೀಕರಣ, ಸಮಾಂತರ ಶ್ರೇಢಿ ಎಲ್ಲವೂ ಬೀಜಗಣಿತದ ಮೇಲೆಯೇ ನಿಂತಿವೆ. ಅದು ಕೈಕೊಟ್ಟರೆ ಗಣಿತ ಹೋಗುತ್ತದೆ. ಗಣಿತ ಹೋದರೆ ಎಸ್ಸೆಸ್ಸೆಲ್ಸಿ ನಿಲ್ಲುತ್ತದೆ. ಅದು ನಿಂತರೆ ಪಿಯುಸಿ, ಡಿಪ್ಲೊಮಾ ಎರಡರ ಬಾಗಿಲೂ ಮುಚ್ಚುತ್ತದೆ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯುವ ಅವಕಾಶ ಬಂತು, ನಿಜ. ಆದರೆ ತಿಳಿಯದ ಲೆಕ್ಕವನ್ನು ಮೂರು ಸಲ ಬರೆದರೂ ಅದು ತಿಳಿಯದ ಲೆಕ್ಕವೇ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಬಹಳ ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಹುಡುಗಿ ಏಳನೆಯವರೆಗೆ ಉರ್ದು ಶಾಲೆ, ಎಂಟರಿಂದ ಕನ್ನಡ. ಅಕ್ಷರ ಮುತ್ತಿನಂತೆ, ಹಾಜರಿ ಪೂರ್ತಿ. ಆದರೆ ಪ್ರತಿ ಟೆಸ್ಟಿನಲ್ಲೂ ಸಮೀಕರಣ ತಪ್ಪು. ಮೈನಸ್ ಮೂರು, ಮೈನಸ್ ಐದು ಎಷ್ಟು ಅಂದರೆ ಎಂಟು ಎಂದು ಬರೆಯುತ್ತಿದ್ದಳು, ಮೈನಸ್ ಇರುತ್ತಿರಲಿಲ್ಲ. ನಾನು ಕೆಂಪು ಗೆರೆ ಎಳೆದು, "ಅಭ್ಯಾಸ ಸಾಲದು, ಹತ್ತು ಸಲ ಬರಿ" ಎನ್ನುತ್ತಿದ್ದೆ. ಅವಳು ಹತ್ತು ಸಲ ಬರೆಯುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಬೇರೆ ಎಲ್ಲ ವಿಷಯ ಪಾಸು, ಗಣಿತ ಮಾತ್ರ ಫೇಲು. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಮದುವೆಯಾಯಿತು ಎಂದು ಕೇಳಿದೆ.

ನಾನು ನಿವೃತ್ತಳಾದ ಮೇಲೆ ಒಂದು ಸಂಜೆ ಅವಳು ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಮಗು ಎಂಟನೆಯ ತರಗತಿ. ನೋಟ್‌ಬುಕ್ ತೆರೆದರೆ ಅದೇ ತಪ್ಪು. ಈ ಸಲ ನನಗೆ ತರಗತಿಯಲ್ಲಿ ಅರವತ್ತು ಮಕ್ಕಳಿರಲಿಲ್ಲ, ಗಂಟೆ ಹೊಡೆಯುವುದಿರಲಿಲ್ಲ. "ಈ ಎಂಟು ಹೇಗೆ ಬಂತು ಮಗಳೇ?" ಎಂದು ಕೇಳಿದೆ. ಮಗು, "ಮೈನಸ್ಸು ಮೈನಸ್ಸು ಪ್ಲಸ್ಸಲ್ವಾ ಟೀಚರ್?" ಎಂದಿತು. ಆ ನಿಯಮ ಗುಣಾಕಾರದ್ದು. ಅದನ್ನು ಕೂಡುವ ಲೆಕ್ಕಕ್ಕೆ ಹಾಕಿಕೊಂಡಿತ್ತು. ನಾವು ಕಲಿಸಿದ ನಿಯಮವನ್ನೇ ನಿಷ್ಠೆಯಿಂದ ಪಾಲಿಸುತ್ತಿತ್ತು. ಅದರ ತಾಯಿಯೂ ಅಷ್ಟೇ.

ಆಗ ಅವಳು ಮೆಲ್ಲಗೆ ಹೇಳಿದಳು: "ಟೀಚರ್, ನನ್ನನ್ನು ನೀವು ಹೀಗೆ ಕೇಳಿರಲಿಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತೂ ಇಲ್ಲ. ಆದರೆ ಟ್ಯೂಟರ್ ಎಂದರೆ ಯಾರು ಎಂಬುದು ಅಂದು ನನಗೆ ಗೊತ್ತಾಯಿತು. ಮಗುವಿನ ತಪ್ಪು ಉತ್ತರ ಕಂಡಾಗ, ಅದು ಹೇಗೆ ಬಂತು ಎಂದು ಕೇಳಿ, ಮಗು ಹೇಳಿ ಮುಗಿಸುವ ತನಕ ಸುಮ್ಮನಿರುವವರು. ಉಳಿದದ್ದೆಲ್ಲ ಆಮೇಲೆ.

ಆ ಮಗುವಿಗೆ ಮೈನಸ್ಸನ್ನು ಬಿಡಿಸಿ ಹೇಳಲು ನನಗೆ ಹೊಸ ವಿಧಾನ ಬೇಕಾಗಲಿಲ್ಲ. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಕೂಡುವ ಸಂಖ್ಯೆಗೆ ಧನ, ಕಳೆಯುವ ಸಂಖ್ಯೆಗೆ ಋಣ ಎಂಬ ಹೆಸರಿದೆ. ನಮ್ಮ ಪುಸ್ತಕದಲ್ಲಿ ಇವತ್ತಿಗೂ ಧನ ಪೂರ್ಣಾಂಕ, ಋಣ ಪೂರ್ಣಾಂಕ ಎಂದೇ ಇದೆ. ಋಣ ಎಂದರೆ ಸಾಲ. "ಅಂಗಡಿಯಲ್ಲಿ ಮೂರು ರೂಪಾಯಿ ಸಾಲ, ಇನ್ನೂ ಐದು ರೂಪಾಯಿ ಸಾಲ ಮಾಡಿದೆ. ಈಗ ನಿನ್ನ ಕೈಯಲ್ಲಿ ಎಂಟು ರೂಪಾಯಿ ಬಂತಾ?" ಎಂದೆ. ಮಗು ನಕ್ಕಿತು. "ಇಲ್ಲ, ಎಂಟು ರೂಪಾಯಿ ಕೊಡಬೇಕು" ಎಂದಿತು. ಸಾಲದ ಲೆಕ್ಕ ನಮ್ಮ ಮನೆಗಳ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೀಜಗಣಿತ ನಮ್ಮದಲ್ಲ, ಇಂಗ್ಲಿಷಿನವರದು, ಎಂಬ ಭಯ ಅನೇಕರಿಗಿದೆ. ಆಲ್ಜೀಬ್ರಾ ಎಂಬ ಪದವೇ ಅರಬ್ಬಿಯ ಅಲ್ ಜಬ್ರ್. ಸುಮಾರು ಕ್ರಿ.ಶ. 820ರಲ್ಲಿ, ಖಲೀಫಾ ಮಾಮೂನರ ಕಾಲದ ಬಗ್ದಾದಿನಲ್ಲಿ, ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಜ್ಮಿ ಬರೆದ ಪುಸ್ತಕದ ಹೆಸರಿನಿಂದ ಅದು ಬಂತು. ಜಬ್ರ್ ಎಂದರೆ ಮುರಿದದ್ದನ್ನು ಕೂಡಿಸುವುದು. ಮುರಿದ ಮೂಳೆ ಕೂಡಿಸುವುದಕ್ಕೂ ಅರಬ್ಬಿಯಲ್ಲಿ ಅದೇ ಮಾತು. ಅವರ ಪುಸ್ತಕದಲ್ಲಿ ಎಕ್ಸ್ ಇಲ್ಲ, ಪ್ಲಸ್ ಗುರುತೂ ಇಲ್ಲ. ಎಲ್ಲವೂ ಮಾತಿನಲ್ಲೇ ಇದೆ. ಗೊತ್ತಿಲ್ಲದ ಸಂಖ್ಯೆಗೆ ಅವರು ಹೇಳಿದ ಒಂದು ಹೆಸರು "ಶೈ", ಅಂದರೆ ವಸ್ತು. ಉರ್ದು ಬಲ್ಲವರಿಗೆ ಈ ಪದ ಗೊತ್ತು. ನಮ್ಮ ನಾಡಿನ ಮಾತು ಹೇಳುವುದಾದರೆ, ಅದೇ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು.

ಖ್ವಾರಿಜ್ಮಿಯವರ ಪುಸ್ತಕದ ದೊಡ್ಡ ಭಾಗವೊಂದು ವಾರಸಿನ ಪಾಲಿನ ಲೆಕ್ಕಕ್ಕೆ ಮೀಸಲು. ನಾನು ತರಗತಿಯಲ್ಲಿ ಹಾಕುವ ಲೆಕ್ಕವೂ ಅದೇ. ಒಬ್ಬರು ತೀರಿಕೊಂಡರು. ಸಾಲ, ವಸಿಯತ್ ಎಲ್ಲ ತೀರಿಸಿ 8 ಲಕ್ಷ ರೂಪಾಯಿ ಉಳಿಯಿತು. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಹೆಂಡತಿಗೆ ಎಂಟರಲ್ಲಿ ಒಂದು ಪಾಲು, 1 ಲಕ್ಷ. ಉಳಿದದ್ದು 7 ಲಕ್ಷ. ಮಗನಿಗೆ ಮಗಳ ಎರಡರಷ್ಟು. ಮಗಳ ಪಾಲು ಎಷ್ಟು? ಗೊತ್ತಿಲ್ಲ, ಅದನ್ನೇ ಎಕ್ಸ್ ಅನ್ನೋಣ. ಇಬ್ಬರು ಹೆಣ್ಣುಮಕ್ಕಳದು ಎರಡು ಎಕ್ಸ್, ಮಗನದು ಎರಡು ಎಕ್ಸ್, ಒಟ್ಟು ನಾಲ್ಕು ಎಕ್ಸ್ ಸೇರಿ 7 ಲಕ್ಷ. ಹಾಗಾದರೆ ಎಕ್ಸ್ 1,75,000. ಹೆಣ್ಣುಮಕ್ಕಳು ಈ ಲೆಕ್ಕವನ್ನು ತಪ್ಪದೆ ಮಾಡುತ್ತಾರೆ. ಎಕ್ಸ್ ಯಾರು ಎಂದು ಅವರಿಗೆ ಗೊತ್ತಾಗಿರುತ್ತದೆ.

ಈಗ ತಂದೆ ತಾಯಂದಿರಿಗೆ ಕೆಲಸದ ಮಾತು.

ಟ್ಯೂಟರ್ ಹುಡುಕುವ ಮುನ್ನ ಮಗು ಎಲ್ಲಿ ನಿಂತಿದೆ ಎಂದು ತಿಳಿದುಕೊಳ್ಳಿ. ಒಂದು ಹಾಳೆಯಲ್ಲಿ ನಾಲ್ಕೇ ಲೆಕ್ಕ ಕೊಡಿ. ಒಂದು, −3 − 5 ಎಷ್ಟು. ಎರಡು, ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿದರೆ ಎಷ್ಟು. ಮೂರು, 2(ಎಕ್ಸ್ + 3) ಬಿಡಿಸಿ ಬರೆ. ನಾಲ್ಕು, ಒಂದು ಸಂಖ್ಯೆಯ ಮೂರರಷ್ಟಕ್ಕೆ 2 ಕೂಡಿದರೆ 14 ಆಗುತ್ತದೆ, ಆ ಸಂಖ್ಯೆ ಯಾವುದು. ಉತ್ತರಗಳು ಕ್ರಮವಾಗಿ −8, ಆರರಲ್ಲಿ ಐದು ಭಾಗ, 2ಎಕ್ಸ್ + 6, ಮತ್ತು 4. ಇವು ಹತ್ತನೆಯ ತರಗತಿಯ ಲೆಕ್ಕಗಳಲ್ಲ, ಎಂಟನೆಯದರೊಳಗೆ ಮುಗಿಯಬೇಕಾದವು. ಮಗು ಇವುಗಳಲ್ಲಿ ತಡವರಿಸಿದರೆ, ಹತ್ತನೆಯ ತರಗತಿಯ ಕೋಚಿಂಗಿಗೆ ಎಷ್ಟು ಫೀಸು ಕಟ್ಟಿದರೂ ಅಡಿಪಾಯವಿಲ್ಲದ ಮನೆಗೆ ಬಣ್ಣ ಬಳಿದಂತೆ. ಆ ಹಾಳೆಯನ್ನೇ ಟ್ಯೂಟರ್ ಮುಂದೆ ಇಡಿ. "ಇಲ್ಲಿಂದ ಶುರು ಮಾಡುತ್ತೀರಾ?" ಎಂದು ಕೇಳಿ. "ಅದೆಲ್ಲ ಬೇಡ, ಪರೀಕ್ಷೆಗೆ ಬರುವ ಪ್ರಶ್ನೆ ಮಾಡಿಸುತ್ತೇವೆ" ಎಂದರೆ ಎದ್ದು ಬನ್ನಿ.

ಫೀಸು ಕಟ್ಟುವ ಮೊದಲು ಒಂದು ದಿನ ಪಾಠಕ್ಕೆ ನೀವೇ ಹೋಗಿ ಮೂಲೆಯಲ್ಲಿ ಕೂತುಕೊಳ್ಳಿ. ನಿಮಗೆ ಗಣಿತ ಬರಬೇಕಾಗಿಲ್ಲ. ಪೆನ್ನು ಯಾರ ಕೈಯಲ್ಲಿದೆ ಎಂದಷ್ಟೇ ನೋಡಿ. ಒಂದು ಗಂಟೆ ಪೂರ್ತಿ ಟ್ಯೂಟರೇ ಬರೆದು, ಮಗು ನಕಲು ಮಾಡಿಕೊಂಡರೆ ಅದು ಪಾಠವಲ್ಲ. ಮಗು ಬರೆಯಬೇಕು, ತಪ್ಪಬೇಕು, ಯಾಕೆ ಹಾಗೆ ಬರೆದೆ ಎಂದು ಹೇಳಬೇಕು. (ಎ + ಬಿ)² ಎಂದರೆ ಎ² + ಬಿ² ಎಂದು ಮಗು ಬರೆದಾಗ "ದಡ್ಡಿ" ಎನ್ನುವವರು ಬೇಡ. "ಎ ಬದಲು 2, ಬಿ ಬದಲು 3 ಹಾಕಿ ನೋಡು" ಎನ್ನುವವರು ಬೇಕು. ಒಂದು ಕಡೆ 25, ಇನ್ನೊಂದು ಕಡೆ 13 ಬರುತ್ತದೆ. ಮಗು ತಾನೇ ತಿದ್ದಿಕೊಳ್ಳುತ್ತದೆ.

ಭಾಷೆಯನ್ನೂ ನೋಡಿ. ಉರ್ದು ಶಾಲೆಯಿಂದ ಬಂದ ಮಗುವಿಗೆ "ಮಸಾವಾತ್" ಗೊತ್ತು, "ಸಮೀಕರಣ" ಗೊತ್ತಿಲ್ಲ. ಎರಡೂ ಒಂದೇ. ಕನ್ನಡದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಗುವಿಗೂ ಇದೇ ಪಾಡು. ಎಷ್ಟೋ ಮಕ್ಕಳು ಸೋಲುವುದು ಲೆಕ್ಕದಲ್ಲಲ್ಲ, ಪದದಲ್ಲಿ. ಎರಡು ಭಾಷೆಯ ಪದಗಳನ್ನು ಎದುರು ಬದುರು ಬರೆಸುವ ಟ್ಯೂಟರ್ ಸಿಕ್ಕರೆ ಅರ್ಧ ಕೆಲಸ ಆಯಿತು.

ಇನ್ನೊಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಸೆಕ್ಷನ್ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ದುಡ್ಡು ಕೊಡುತ್ತೇವೆ, ಮನೆಪಾಠ ಹೇಳಿ ಎಂದು ಅವರನ್ನು ಮುಜುಗರಕ್ಕೆ ಸಿಕ್ಕಿಸಬೇಡಿ. ಆದರೆ ಆ ನಾಲ್ಕು ಲೆಕ್ಕದ ಹಾಳೆ ಹಿಡಿದು ಶಾಲೆಗೆ ಹೋಗಿ ತೋರಿಸುವ ಹಕ್ಕು ನಿಮಗಿದೆ.

ಹಾಗಾದರೆ ಟ್ಯೂಟರ್ ಎಲ್ಲಿದ್ದಾರೆ? ಕೋಚಿಂಗ್ ಸೆಂಟರುಗಳೆಲ್ಲ ದಾವಣಗೆರೆ ಪೇಟೆಯಲ್ಲಿವೆ. ಬಾತಿಯ ಹುಡುಗಿ ಸಂಜೆ ಬಸ್ಸು ಹತ್ತಿ ಹೋಗಿ, ಕತ್ತಲಲ್ಲಿ ಹೆದ್ದಾರಿ ಬದಿ ಇಳಿಯಬೇಕು. ಅದಕ್ಕೇ ಎಷ್ಟೋ ಮನೆಗಳಲ್ಲಿ ಗಂಡುಮಗನಿಗೆ ಟ್ಯೂಷನ್, ಹೆಣ್ಣುಮಗಳಿಗೆ ದುವಾ. ದುವಾ ಬೇಕು, ಟ್ಯೂಷನ್ನೂ ಬೇಕು. ಆದ್ದರಿಂದ ಟ್ಯೂಟರ್ ನಮ್ಮ ಓಣಿಯಲ್ಲೇ ಸಿಗಬೇಕು.

ಸಿಗುತ್ತಾರೆ. 2004ರಲ್ಲಿ ಅಮೆರಿಕದಲ್ಲಿ ಸಲ್ಮಾನ್ ಖಾನ್ ಎಂಬ ಯುವಕ ದೂರದ ಊರಿನಲ್ಲಿದ್ದ ತನ್ನ ಚಿಕ್ಕ ಬಂಧು ಹುಡುಗಿಗೆ ಫೋನಿನಲ್ಲಿ ಗಣಿತ ಹೇಳಿಕೊಡಲು ಶುರು ಮಾಡಿದರು. ಮಕ್ಕಳು ನಗುತ್ತಿದ್ದಾರೆ, ಸಿನಿಮಾದವರಲ್ಲಪ್ಪ, ಇವರು ಬೇರೆ. ಆಗ ಅವರು ಶಿಕ್ಷಕರೇ ಆಗಿರಲಿಲ್ಲ, ಹಣಕಾಸು ಕಂಪನಿಯೊಂದರಲ್ಲಿ ನೌಕರಿಯಲ್ಲಿದ್ದರು. ಇವತ್ತು ಲೋಕವೆಲ್ಲ ನೋಡುವ ಖಾನ್ ಅಕಾಡೆಮಿ ಹುಟ್ಟಿದ್ದು ಹಾಗೆ, ಮನೆಯ ಒಂದು ಹುಡುಗಿಯ ಲೆಕ್ಕದಿಂದ.

ಇದೇ ಸಭೆಯ ಹಿಂದಿನ ಸಾಲುಗಳಲ್ಲಿ ಈ ಟ್ರಸ್ಟಿನ ನೆರವಿನಿಂದ ಪಿಯುಸಿ ವಿಜ್ಞಾನ, ಬಿಎಸ್ಸಿ, ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಕೂತಿದ್ದೀರಿ. ನೀವು ರ‍್ಯಾಂಕ್ ಬಂದವರಾಗಿರಬೇಕಿಲ್ಲ. ಒಂದು ಕಾಲಕ್ಕೆ ತಿಳಿಯದೆ, ಕಷ್ಟಪಟ್ಟು ತಿಳಿದುಕೊಂಡವರು ಇನ್ನೂ ಒಳ್ಳೆಯದು. ಎಲ್ಲಿ ಎಡವಿದೆವು ಎಂದು ಅವರಿಗೆ ನೆನಪಿರುತ್ತದೆ. ವಾರಕ್ಕೆ ಎರಡು ಗಂಟೆ, ನಾಲ್ಕು ಮಕ್ಕಳು, ಹಗಲು ಹೊತ್ತು, ತಾಯಂದಿರ ಕಣ್ಣೆದುರು. ಇಷ್ಟೇ ನಾನು ಕೇಳುವುದು. ಮೊದಲ ತಿಂಗಳು ಹೇಗೆ ಕೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂದು ನಾನು ಜೊತೆಗೆ ಕೂತು ತೋರಿಸುತ್ತೇನೆ. ನನಗೆ ಸಂಬಳ ಬೇಡ, ಪಿಂಚಣಿ ಇದೆ.

ದಾನಿಗಳಲ್ಲಿ ಒಂದು ವಿನಂತಿ. ನೀವು ಹತ್ತನೆಯ ತರಗತಿ ಮುಗಿಸಿದವರಿಗೆ ಉದಾರವಾಗಿ ಕೊಡುತ್ತಿದ್ದೀರಿ, ಅಲ್ಲಾಹ್ ನಿಮ್ಮ ದುಡಿಮೆಯಲ್ಲಿ ಬರ್ಕತ್ ಕೊಡಲಿ. ಆದರೆ ಗಣಿತದಲ್ಲಿ ನಿಂತ ಮಗು ನಿಮ್ಮ ಅರ್ಜಿಯ ತನಕ ಬರುವುದೇ ಇಲ್ಲ. ಅಂಕಪಟ್ಟಿ ಇದ್ದವರಿಗಷ್ಟೇ ಅರ್ಜಿ. ಆದ್ದರಿಂದ ಒಂದಿಷ್ಟು ಹಣವನ್ನು ಎಂಟನೆಯ ತರಗತಿಗೆ ಇಡಿ. ಪಾಠ ಹೇಳುವ ಹುಡುಗ ಹುಡುಗಿಯರ ಬಸ್ಸಿನ ಖರ್ಚು, ಒಂದು ಸಣ್ಣ ಗೌರವಧನ, ಒಂದು ಕಪ್ಪುಹಲಗೆ, ಒಂದು ಕೋಣೆ. ಅದನ್ನು ಜಕಾತಿನಿಂದ ಕೊಡಬಹುದೋ ಸದ್ಕಾದಿಂದಲೋ ಎಂಬುದನ್ನು ಆಲಿಮರು ಹೇಳಲಿ, ನಾನು ಲೆಕ್ಕದ ಟೀಚರ್.

ಟ್ರಸ್ಟಿನವರಿಗೂ ಒಂದು ಮಾತು. ಮುಂದಿನ ಅರ್ಜಿ ನಮೂನೆಯಲ್ಲಿ ತಂದೆಯ ಆದಾಯ, ಪಡೆದ ಅಂಕ, ಬ್ಯಾಂಕ್ ಖಾತೆ ಆದಮೇಲೆ ಒಂದು ಸಾಲು ಸೇರಿಸಿ: "ಯಾವ ವಿಷಯದಲ್ಲಿ, ಎಲ್ಲಿಂದ ತಿಳಿಯುತ್ತಿಲ್ಲ?" ಅದನ್ನು ಮಗುವೇ ತನ್ನ ಕೈಯಿಂದ ತುಂಬಲಿ.

ನನ್ನ ಆ ಹಳೆಯ ವಿದ್ಯಾರ್ಥಿನಿಯ ಮಗಳು ಈಗ ಒಂಬತ್ತನೆಯ ತರಗತಿ. ಭಾನುವಾರ ನಮ್ಮ ಮನೆಗೆ ಬರುತ್ತಾಳೆ, ತಾಯಿಯೂ ಜೊತೆಗೆ ಬಂದು ಕೂರುತ್ತಾಳೆ. ಹೋದ ತಿಂಗಳು ತಾಯಿ ಇನ್ನೊಂದು ನೋಟ್‌ಬುಕ್ ತಂದಿದ್ದಳು, ತನ್ನದೇ. ಗಣಿತದ ಪರೀಕ್ಷೆ ಕಟ್ಟುತ್ತೇನೆ ಅಂದಿದ್ದಾಳೆ. ಅವಳಿಗಾಗಿ ದುವಾ ಮಾಡಿ.