'ಯಾರಿದು?' ಎನ್ನುವ ಓದುಗ



ಅಕ್ಟೋಬರ್ ಬಂತೆಂದರೆ ಸ್ಟಾಕ್‌ಹೋಮ್‌ನಿಂದ ಸಾಹಿತ್ಯದ ನೊಬೆಲ್‌ಗೆ ಒಂದು ಹೆಸರು ಹೊರಬೀಳುತ್ತದೆ. ಎಷ್ಟೋ ಸಲ ಓದುಗರ ಬಾಯಲ್ಲಿ ಅಭಿನಂದನೆಗಿಂತ ಮೊದಲು ಬರುವ ಮಾತು 'ಯಾರಿದು?' ಎಂಬುದು. ಅದರ ಬೆನ್ನಿಗೇ 'ಇವರಿಗೇಕೆ?' ಎಂಬ ತಕರಾರು.

2021ರಲ್ಲಿ ಅಬ್ದುಲ್‌ರಜಾಕ್ ಗುರ್ನಾ ಅವರಿಗೆ ನೊಬೆಲ್ ಬಂದಾಗ ಆದದ್ದೂ ಇದೇ. ಜಾಂಜಿಬಾರ್‌ನಲ್ಲಿ ಹುಟ್ಟಿ, ಎಳೆಯ ಪ್ರಾಯದಲ್ಲೇ ಇಂಗ್ಲೆಂಡ್ ಸೇರಿ, ಕೆಂಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ನಿವೃತ್ತರಾದ ಅವರು ಅಷ್ಟರಲ್ಲಿ ಹತ್ತು ಕಾದಂಬರಿ ಬರೆದಿದ್ದರು. 'ಪ್ಯಾರಡೈಸ್' 1994ರಲ್ಲೇ ಬುಕರ್‌ನ ಅಂತಿಮ ಪಟ್ಟಿಗೇರಿತ್ತು. ಆದರೂ 2020ರಲ್ಲಿ ಬ್ರಿಟನ್ನಿನಲ್ಲಿ ಬಂದ 'ಆಫ್ಟರ್‌ಲೈವ್ಸ್' ಅಮೆರಿಕದಲ್ಲಿ ಅಚ್ಚಾಗಲು 2022 ಬರಬೇಕಾಯಿತು. ಜಾಂಜಿಬಾರ್ ಸೇರಿರುವ ತಾಂಜಾನಿಯಾದಲ್ಲಿ ಮಾತು ಬೇರೆ ಜಾಡು ಹಿಡಿಯಿತು: ದ್ವಿಪೌರತ್ವಕ್ಕೆ ಅವಕಾಶವಿಲ್ಲದ ದೇಶ ಅವರನ್ನು ತನ್ನವರೆಂದು ಹೇಳಿಕೊಳ್ಳಬಹುದೇ? ಅವರ ತಾಯ್ನುಡಿ ಸ್ವಾಹಿಲಿಗೆ 'ಪ್ಯಾರಡೈಸ್' ಬಂದದ್ದೂ ನೊಬೆಲ್ ಆದ ಮೇಲೆಯೇ, 'ಪೆಪೋನಿ' ಎಂಬ ಹೆಸರಿನಲ್ಲಿ.

ಅಪರಿಚಿತತೆ ಊರಿಂದೂರಿಗೆ ಬದಲಾಗುತ್ತದೆ. 2014ರ ವಿಜೇತ ಪ್ಯಾಟ್ರಿಕ್ ಮೊದಿಯಾನೊ ಅಮೆರಿಕದ ಬಹುಪಾಲು ಓದುಗರಿಗೆ ಹೊಸಬರು. ಫ್ರಾನ್ಸಿನಲ್ಲಿ 1978ರಷ್ಟು ಹಿಂದೆಯೇ ಗಾನ್ಕೂರ್ ಪ್ರಶಸ್ತಿ ಪಡೆದವರು. ಹಾಗೆಂದು ತವರಿನಲ್ಲಿ ಎಲ್ಲರೂ ಓದಿದ್ದರೆಂದಲ್ಲ. ಅವರ ಒಂದು ಪುಸ್ತಕ ಹೆಸರಿಸಿ ಎಂದು ಟಿವಿ ಸಂದರ್ಶನದಲ್ಲಿ ಕೇಳಿದಾಗ ಫ್ರಾನ್ಸಿನ ಸಂಸ್ಕೃತಿ ಸಚಿವೆಯೇ ತಡವರಿಸಿದರು. ಗದ್ದಲವಾಯಿತು.

ಕನ್ನಡಕ್ಕೆ ಈ ಅನುಭವ ದಕ್ಕಿದ್ದು 2025ರ ಮೇ ತಿಂಗಳಲ್ಲಿ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬುಕರ್ ಗೆದ್ದಿತು. ಕಥಾಸಂಕಲನವೊಂದಕ್ಕೆ ಈ ಗೌರವ ಅದೇ ಮೊದಲು. ಲಂಡನ್ನಿಗೆ ಹೊಸದಾಗಿದ್ದ ಹೆಸರು ಇಲ್ಲಿ ಲಂಕೇಶ್ ಪತ್ರಿಕೆಯ ಕಾಲದಿಂದ, ಬಂಡಾಯ ಸಾಹಿತ್ಯದ ದಿನಗಳಿಂದ ಕೇಳಿದ್ದೇ. ಅವರ ಕಥೆ 'ಕರಿ ನಾಗರಗಳು' ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಸಿನಿಮಾ ಆಗಿತ್ತು. ಅದೇ ವರ್ಷ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಎದ್ದ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆ ಜಗಳದಲ್ಲಿ ಕಥೆಗಳ ಪ್ರಸ್ತಾಪ ಬಂದದ್ದು ಕಡಿಮೆ.

ಹೊರಗಿನ ಓದುಗನ 'ಯಾರಿದು?' ಎಂಬ ಪ್ರಶ್ನೆಗೆ ಉತ್ತರ ಲೇಖಕರಲ್ಲಿಲ್ಲ. ಅನುವಾದಕರು, ಪ್ರಕಾಶಕರು, ಅಂಗಡಿಗೆ ಪುಸ್ತಕ ತಲುಪಿಸುವವರು ಹಾಕಿದ ದಾರಿಯಲ್ಲಿದೆ. 'ಹಾರ್ಟ್ ಲ್ಯಾಂಪ್' ತಂದದ್ದು ಶೆಫೀಲ್ಡ್‌ನ ಸಣ್ಣ ಪ್ರಕಾಶನ, ಆಂಡ್ ಅದರ್ ಸ್ಟೋರೀಸ್. 50,000 ಪೌಂಡ್ ಬಹುಮಾನದಲ್ಲಿ ಅನುವಾದಕಿಗೆ ಸಮಪಾಲು. ಒಳಗಿನ ಓದುಗನ 'ಇವರಿಗೇಕೆ?' ಬೇರೆಯದೇ ಕಥೆ. ಅದರಲ್ಲಿ ವಿಮರ್ಶೆಯೂ ಇದೆ, ಜಾತಿ-ಧರ್ಮದ ಲೆಕ್ಕವೂ ಇದೆ, ತಮ್ಮ ಮೆಚ್ಚಿನ ಲೇಖಕರಿಗೆ ಬರಲಿಲ್ಲವೆಂಬ ಮುನಿಸೂ ಇದೆ. ಇವನ್ನು ಬಿಡಿಸಿ ನೋಡುವುದು ಈ ಸಂಕಿರಣದ ಕೆಲಸ.

ಗೋಷ್ಠಿಗಳು ಪ್ರಶಸ್ತಿಯ ಮರುದಿನದ ಮಾರಾಟದಲ್ಲೇ ನಿಲ್ಲದೆ ಒಂದೆರಡು ವರ್ಷ ಮುಂದಕ್ಕೂ ನೋಡಲಿ: ಗೆದ್ದ ಪುಸ್ತಕ ಕೊಂಡವರು ಅದೇ ಲೇಖಕರ ಎರಡನೆಯ ಪುಸ್ತಕ ಹುಡುಕಿದರೇ? ಹುಡುಕಿದವರಿಗೆ ಅದು ಸಿಕ್ಕಿತೇ?