ಕಡಲಿಗೆ ಹೋಗುವ ದಾರಿ ಯಾರ ಪಾಲು?

(ಗಿರಣಿ ಕಾರ್ಮಿಕರು ಮತ್ತು ವ್ಯಾಪಾರಸ್ಥರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)

ಊರ ಗೋಮಾಳಕ್ಕೆ ಒಬ್ಬ ಸಾಹುಕಾರ ಬೇಲಿ ಹಾಕಿದರೆ ಅನ್ಯಾಯ ಯಾರಿಗೂ ಕೂಡಲೇ ಕಾಣುತ್ತದೆ. ಆದರೆ ಅವನು ಗೋಮಾಳವನ್ನು ಮುಟ್ಟದೆ, ಅಲ್ಲಿಗೆ ಹೋಗುವ ದಾರಿಗೆ ಮಾತ್ರ ಬೇಲಿ ಹಾಕಿದರೆ? "ಗೋಮಾಳ ನಿಮ್ಮದೇ, ಯಾರು ಬೇಡವೆಂದರು?" ಎಂದು ಅವನು ನಗುನಗುತ್ತಲೇ ಕೇಳಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕಡಲಿನ ವಿಷಯದಲ್ಲಿ ನಡೆದದ್ದು ಇದೇ. ದೂರದ ಕಥೆಯಾದರೂ ನಾವು ತಿಳಿಯಬೇಕಾದ ಕಥೆ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಸುಮಾರು 100 ಮೈಲಿ ದೂರದ ಸೊನೋಮಾ ಜಿಲ್ಲೆಯಲ್ಲಿ, ಕಡಲ ದಂಡೆಯ ಉದ್ದಕ್ಕೆ 10 ಮೈಲಿ ಹಬ್ಬಿದ ಒಂದು ಕುರಿಗಾವಲು ಇತ್ತು. ಹವಾಯಿಯಲ್ಲಿ ಸಕ್ಕರೆ ಮತ್ತು ಅನಾನಸು ವ್ಯಾಪಾರದಿಂದ ಬೆಳೆದ ಕ್ಯಾಸಲ್ ಅಂಡ್ ಕುಕ್ ಕಂಪೆನಿಯ ಒಂದು ಶಾಖೆ ಅದನ್ನು 1960ರ ದಶಕದಲ್ಲಿ ಕೊಂಡು, "ಸೀ ರ‍್ಯಾಂಚ್" ಎಂಬ ಹೆಸರಿನಲ್ಲಿ ಸುಮಾರು 5,200 ನಿವೇಶನಗಳ ಯೋಜನೆ ಹಾಕಿತು. ಮನೆಗಳೇನೋ ಚೆನ್ನಾಗಿವೆ. ಬಣ್ಣ ಬಳಿಯದ ಮರದ ಮನೆಗಳು. ಮನೆಗೂ ಮನೆಗೂ ನಡುವೆ ಬೇಲಿಯಿಲ್ಲ. ವಾಸ್ತುಶಿಲ್ಪಿಗಳು ಇಂದಿಗೂ ಹೊಗಳುತ್ತಾರೆ. ಆದರೆ ಆ 10 ಮೈಲಿಯ ಒಳಗೆ ಹೊರಗಿನವನು ಕಡಲಿಗೆ ಇಳಿಯಲು ದಾರಿಯಿರಲಿಲ್ಲ. ಅಕ್ಕಪಕ್ಕದವರಿಗೆ ಬೇಲಿಯಿಲ್ಲ, ಲೋಕಕ್ಕೆಲ್ಲ ಬೇಲಿ!

ಅಲ್ಲಿಯ ಕಾನೂನಿನಂತೆ, ಭರತದ ನೀರು ಮುಟ್ಟುವ ಸರಾಸರಿ ಗೆರೆಯ ಕೆಳಗಿನ ಮರಳು ಜನರ ಸ್ವತ್ತು. ನೀರೂ ಜನರದು, ಒದ್ದೆ ಮರಳೂ ಜನರದು. ಅದನ್ನು ತಲುಪುವ ನೆಲ ಮಾತ್ರ ಖಾಸಗಿ. ಕಂಪೆನಿ ಒಂದು ತುದಿಯಲ್ಲಿ ಉದ್ಯಾನಕ್ಕೆಂದು ಭೂಮಿ ಬಿಟ್ಟುಕೊಟ್ಟು, ಇಷ್ಟು ಸಾಕು ಎಂದಿತು. ಸೊನೋಮಾದ ಜನ ಸುಮ್ಮನಾಗಲಿಲ್ಲ. 1968ರಲ್ಲಿ ಜಿಲ್ಲೆಯ ಮತದಾನಕ್ಕೆ ವಿಷಯವನ್ನು ಒಯ್ದು ಸೋತರು. ಸೋತವರು ಹಟ ಬಿಡದೆ ಇಡೀ ರಾಜ್ಯದ ಜನರ ಮುಂದೆ ಹೋದರು. ಶಾಸನಸಭೆ ಕರಾವಳಿ ಮಸೂದೆಗಳನ್ನು ಮತ್ತೆ ಮತ್ತೆ ಕೊಂದಾಗ, ಸಹಿ ಸಂಗ್ರಹಿಸಿ ಜನಮತಕ್ಕೇ ಇಟ್ಟರು. ಸೆನೆಟ್ಟಿನ ಮುಖಂಡರಾಗಿದ್ದ ಜೇಮ್ಸ್ ಮಿಲ್ಸ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಡಿಯಾಗೋವರೆಗೆ ಸೈಕಲ್ ತುಳಿದು ಪ್ರಚಾರ ಮಾಡಿದರು. 1972ರ ನವೆಂಬರಿನಲ್ಲಿ ಜನ ಗೆದ್ದರು. 1976ರಲ್ಲಿ ಕರಾವಳಿ ಕಾಯಿದೆ ಸ್ಥಿರವಾಯಿತು.

ಇನ್ನು ಮನೆಯೊಡೆಯರ ಸಂಘದ ಮಾತನ್ನೂ ಕೇಳೋಣ; ಎದುರು ಪಕ್ಷದ ವಾದವನ್ನು ಕೇಳದೆ ತೀರ್ಪು ಕೊಡುವುದು ನಮ್ಮ ಪದ್ಧತಿಯಲ್ಲ. ಹೊರಗಿನವರು ಬಂದರೆ ವಾಹನ ಹೆಚ್ಚುತ್ತದೆ, ಕಸ ಬೀಳುತ್ತದೆ, ನೆಮ್ಮದಿ ಕೆಡುತ್ತದೆ ಎಂಬುದು ಇಂಥ ಸಂಘಗಳ ದೂರು. ಈ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅಲ್ಲಿಗೆ ಹೋಗುವುದು ಒಂದನೇ ನಂಬರಿನ ಹೆದ್ದಾರಿ. ಕಡಿದಾದ ದಂಡೆಯ ಅಂಚಿನಲ್ಲಿ ಸುತ್ತಿ ಸುತ್ತಿ ಸಾಗುವ ರಸ್ತೆ. ಹೋಗಲು ಒಂದು ಸಾಲು, ಬರಲು ಒಂದು ಸಾಲು. ಅಗಲ ಮಾಡೋಣವೆಂದರೆ, ಹಳ್ಳಿಗಾಡಿನಲ್ಲಿ ಅದು ಎರಡೇ ಸಾಲಿನ ರಸ್ತೆಯಾಗಿ ಉಳಿಯಬೇಕೆಂದು 1976ರ ಕಾಯಿದೆಯೇ ಹೇಳುತ್ತದೆ. ಅಗಲ ಮಾಡಿದರೆ ಗುಡ್ಡ ಕುಸಿಯುತ್ತದೆ, ಹಿಂದೆಯೇ ಇನ್ನಷ್ಟು ಬಡಾವಣೆ ಬರುತ್ತದೆ.

ಹಾಗಾದರೆ ರಸ್ತೆ ಎಂಬುದು ರೇಷನ್ ಅಂಗಡಿಯ ಮೂಟೆಯಿದ್ದಂತೆ. ಇರುವುದು ಇಷ್ಟೇ. ಮೊದಲು ಯಾರಿಗೆ? ಇದೇ ಮುಖ್ಯ ಪ್ರಶ್ನೆ. 5,200 ಮನೆಯ ಕಾರುಗಳೇ ರಸ್ತೆಯನ್ನು ತುಂಬಿದರೆ, ವಾರವೆಲ್ಲ ದುಡಿದು ಭಾನುವಾರ ಹೆಂಡತಿ ಮಕ್ಕಳೊಡನೆ ಕಡಲು ನೋಡಲು ಬರುವ ಕೆಲಸಗಾರನಿಗೆ ಜಾಗವೆಲ್ಲಿ? ಆಗ ದಟ್ಟಣೆಯ ಹೆಸರಿನಲ್ಲಿ ಅವನನ್ನೇ ತಡೆಯುತ್ತಾರೆ. ದಟ್ಟಣೆ ಮಾಡಿದವನು ಒಳಗಿರುತ್ತಾನೆ. ಕಾಯಿದೆ ಇದನ್ನು ತಿರುಗಿಸಿತು. ರಸ್ತೆ, ನೀರು, ಚರಂಡಿಗಳ ಶಕ್ತಿ ಸೀಮಿತವಾಗಿರುವ ಕಡೆ ಹೊಸ ಕಟ್ಟಡಗಳು ಸಾರ್ವಜನಿಕರ ವಿಹಾರದ ಪಾಲನ್ನು ನುಂಗಬಾರದೆಂದು ಬರೆಯಿತು. ಲೆಕ್ಕ ಹಾಕಿ ಮೊದಲು ಮನೆಗಳನ್ನು ಕಡಿಮೆ ಮಾಡು, ಜನರನ್ನಲ್ಲ ಎಂಬುದೇ ಅದರ ತಾತ್ಪರ್ಯ. ಸೀ ರ‍್ಯಾಂಚಿನ ನಿವೇಶನಗಳು ಕೊನೆಗೆ ಅರ್ಧಕ್ಕಿಂತ ಕಡಿಮೆಯಾದವು.

ಹೋರಾಟ ಹಲವು ವರ್ಷ ಎಳೆಯಿತು. ದಾರಿ ಬಿಡದಿದ್ದರೆ ಮನೆಗೆ ಪರವಾನಗಿಯಿಲ್ಲ ಎಂದಿತು ಕರಾವಳಿ ಆಯೋಗ. ನಿವೇಶನ ಕೊಂಡವರು ಕೈಕಟ್ಟಿ ಕುಳಿತರು. ಅವರೆಲ್ಲ ಕೋಟ್ಯಧೀಶರಲ್ಲ, ಮಾರಿದವನ ಮಾತು ನಂಬಿ ಉಳಿತಾಯ ಸುರಿದವರಿಗೂ ನೋವಾಗಿರಲೇಬೇಕು. 1980ರಲ್ಲಿ ಶಾಸನಸಭೆ ರಾಜಿ ಮಾಡಿಸಿತು. ಸಂಘಕ್ಕೆ ಪರಿಹಾರ ಸಿಕ್ಕಿತು, ಜನರಿಗೆ ಕಡಲಿಗೆ ಇಳಿಯುವ ಹಲವು ಕಾಲುದಾರಿಗಳು ಸಿಕ್ಕವು. ಇಂದು ಹೆದ್ದಾರಿಯ ಬದಿಯಲ್ಲಿ ಗಾಡಿ ನಿಲ್ಲಿಸಿ ಯಾರು ಬೇಕಾದರೂ ನಡೆದು ಹೋಗಬಹುದು.

ಆದರೆ ಗೆಲುವು ಪೂರ್ಣವಲ್ಲ. ಕರಾವಳಿಯಲ್ಲಿ ಕಡಿಮೆ ವರಮಾನದವರ ಮನೆಗಳನ್ನು ಕಾಯುವ ಮಾತೂ 1976ರ ಕಾಯಿದೆಯಲ್ಲಿತ್ತು. 1981ರಲ್ಲಿ ಶಾಸನಸಭೆ ಆ ಅಧಿಕಾರವನ್ನು ಆಯೋಗದಿಂದ ಕಿತ್ತುಕೊಂಡಿತು. ಮನೆಗಳ ಸಂಖ್ಯೆಗೆ ಮಿತಿ ಹಾಕಿ ಬೆಲೆಗೆ ಮಿತಿಯಿಲ್ಲದಿದ್ದರೆ ಏನಾಗುತ್ತದೆಂದು ಅಂಗಡಿ ಇಟ್ಟಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ಬಡವನು ಕಡಲು ನೋಡಬಹುದು, ಅದರ ಬಳಿ ಬಾಳುವ ಹಾಗಿಲ್ಲ!

ನಮ್ಮಲ್ಲಿಯೂ ಈ ಪ್ರಶ್ನೆ ಹೊಸದಲ್ಲ. 1991ರ ಕರಾವಳಿ ನಿಯಂತ್ರಣ ಪ್ರಕಟಣೆಯಲ್ಲಿ, ದಂಡೆಯ ಎರಡು ಹೋಟೆಲುಗಳ ನಡುವೆ ಜನರ ಓಡಾಟಕ್ಕೆ ಕನಿಷ್ಠ 20 ಮೀಟರ್ ಜಾಗ ಬಿಡಬೇಕೆಂದು ಬರೆದಿದ್ದರು. ಬರೆದದ್ದು ನೆಲದ ಮೇಲೆ ಉಳಿಯುವುದು, ಕೇಳುವ ಜನ ಇದ್ದರೆ ಮಾತ್ರ.

ಆದ್ದರಿಂದ ಮಿತ್ರರೇ, ನಾಳೆ ಯಾವುದೋ ಬಡಾವಣೆಯ ಸಂಘದವರು "ವಾಹನ ಹೆಚ್ಚಾಯಿತು, ಅಭಿವೃದ್ಧಿ ನಿಲ್ಲಿಸಿ" ಎಂಬ ಮನವಿ ಹಿಡಿದು ನಿಮ್ಮ ಅಂಗಡಿಗೆ ಬಂದರೆ, ಬೈದು ಕಳಿಸಬೇಡಿ. ಕೂರಿಸಿ, ಓದಿಸಿ ಕೇಳಿ. ಅದರಲ್ಲಿ ಬಸ್ಸಿನ ಬೇಡಿಕೆ ಇದೆಯೇ? ನಡೆಯುವವನ ದಾರಿ, ಬಲೆ ಹೊತ್ತವನ ದಾರಿ, ತಳ್ಳುಗಾಡಿಯವನ ಜಾಗ ಇದೆಯೇ? ಇದ್ದರೆ ಸಹಿ ಹಾಕಿ, ಜೊತೆಗೆ ಹೋರಾಡಿ. ಇಲ್ಲದಿದ್ದರೆ, ಇವನ್ನೂ ಬರೆದುಕೊಂಡು ಬನ್ನಿ, ಆಮೇಲೆ ಸಹಿ ಹಾಕುತ್ತೇವೆ ಎಂದು ಹೇಳಿ ಕಳಿಸಿ.