ಹಲಗೆಯ ಹತ್ತಿರ

ಯಾರನ್ನಾದರೂ ಮೆಚ್ಚುವಾಗ ‘ದೂರದೃಷ್ಟಿ ಉಳ್ಳವರು’ ಎನ್ನುತ್ತೇವೆ. ಇವತ್ತು ನಾನು ನೆನೆಯುವ ಮನುಷ್ಯನಿಗೆ ದೂರದ್ದು ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಅವರು ಜಪಾನಿನ ಮರದಚ್ಚು ಕಲಾವಿದ ಮುನಕಾತ ಶಿಕೋ.

ಅವರು ಹುಟ್ಟಿದ್ದು 1903ರಲ್ಲಿ, ಉತ್ತರದ ಹಿಮದ ನಾಡು ಅಓಮೋರಿಯಲ್ಲಿ. ತಂದೆ ಕಮ್ಮಾರ, ಮನೆ ತುಂಬ ಮಕ್ಕಳು. ಓದು ಪ್ರಾಥಮಿಕ ಶಾಲೆಗೇ ಮುಗಿಯಿತು. ವ್ಯಾನ್ ಗೋನ ಸೂರ್ಯಕಾಂತಿಯ ಚಿತ್ರ ಕಂಡದ್ದೇ, ತಾನೂ ಅಂಥವನಾಗಬೇಕೆಂದು ತೈಲವರ್ಣ ಹಿಡಿದರು. 1924ರಲ್ಲಿ ಟೋಕಿಯೋ ಸೇರಿದರು. ಎಳವೆಯಿಂದಲೂ ದೃಷ್ಟಿ ಮಂದ. ಕೆಲವೇ ವರ್ಷಗಳಲ್ಲಿ ಅವರ ಕೈ ಕುಂಚದಿಂದ ಉಳಿಗೆ ಹೊರಳಿತು.

ಮರದಚ್ಚಿನಲ್ಲಿ ಹಲಗೆ ಕೆತ್ತಿ, ಮಸಿ ಹಚ್ಚಿ, ಮೇಲೆ ಕಾಗದವಿಟ್ಟು ಉಜ್ಜುತ್ತಾರೆ. ಕೆತ್ತಿದ್ದು ಬಿಳಿ, ಉಳಿದದ್ದು ಕಪ್ಪು. ಹಿಂದೆ ಚಿತ್ರ ಬರೆಯುವವರು, ಕೆತ್ತುವವರು, ಅಚ್ಚು ಒತ್ತುವವರು ಬೇರೆ ಬೇರೆ. ಶಿಕೋ ಎಲ್ಲವನ್ನೂ ತಾವೇ ಮಾಡಿದರು. ಅವರು ಕೆತ್ತುವುದನ್ನು ಹಳೆಯ ಫಿಲ್ಮುಗಳಲ್ಲಿ ನೋಡಬಹುದು: ದಪ್ಪ ಕನ್ನಡಕ, ಹಲಗೆಗೆ ತಾಗುವಂತಿರುವ ಮೂಗು, ಸರಸರನೆ ಓಡುವ ಉಳಿ.

ಅಚ್ಚುಚಿತ್ರಕ್ಕೆ ಜಪಾನಿ ಹೆಸರು ‘ಹಂಗ’. 1942ರಲ್ಲಿ ಅವರು ಆ ಪದದ ಒಂದು ಅಕ್ಷರ ಬದಲಿಸಿದರು. ಉಚ್ಚಾರ ಅದೇ, ಅಚ್ಚು ಎಂಬರ್ಥದ ಅಕ್ಷರದ ಜಾಗದಲ್ಲಿ ಹಲಗೆ ಎಂಬರ್ಥದ್ದು ಬಂತು. ಮರದೊಳಗೇ ಜೀವವಿದೆ, ಅದನ್ನು ಹೊರಗೆ ಕರೆಯುವುದಷ್ಟೇ ತನ್ನ ಪಾಲಿನ ಕೆಲಸ ಎಂಬುದು ಅವರ ನಂಬಿಕೆ.

1939ರಲ್ಲಿ ಅವರು ಬುದ್ಧನ ಹತ್ತು ಮಂದಿ ಶಿಷ್ಯರನ್ನು ಕೆತ್ತಿದರು. ಸಾರಿಪುತ್ರ, ಆನಂದ, ಮಹಾಕಾಶ್ಯಪ: ಈ ನೆಲದಲ್ಲಿ ನಡೆದಾಡಿದವರು ಅಲ್ಲಿ ಹಲಗೆಯ ಅಂಚಿನಿಂದ ಅಂಚಿಗೆ ತುಂಬಿ ನಿಂತರು. ಜೊತೆಗೆ ಇಬ್ಬರು ಬೋಧಿಸತ್ವರು. 1945ರ ಬಾಂಬು ದಾಳಿಯಲ್ಲಿ ಟೋಕಿಯೋದ ಮನೆ ಸುಟ್ಟುಹೋಯಿತು. ಎಷ್ಟೋ ಹಲಗೆಗಳು ಬೂದಿಯಾದವು. ಶಿಷ್ಯರು ಉಳಿದರು, ಬೋಧಿಸತ್ವರು ಹೋದರು. 1948ರಲ್ಲಿ ಶಿಕೋ ಮತ್ತೆ ಬಗ್ಗಿ ಕೂತು ಆ ಇಬ್ಬರನ್ನೂ ಹೊಸದಾಗಿ ಕೆತ್ತಿದರು. 1956ರಲ್ಲಿ ವೆನಿಸ್‌ನ ಬಿಯೆನಾಲೆ ಕಲಾಪ್ರದರ್ಶನದಲ್ಲಿ ಅವರಿಗೆ ಅಚ್ಚುಚಿತ್ರದ ಅತ್ಯುನ್ನತ ಬಹುಮಾನ ಬಂತು. ಮುಂದೆ ಎಡಗಣ್ಣಿನ ದೃಷ್ಟಿ ಬಹುತೇಕ ಹೋಯಿತು. ಆಗಲೂ, 1975ರಲ್ಲಿ ತೀರಿಕೊಳ್ಳುವವರೆಗೂ, ಉಳಿ ಕೆಳಗಿಡಲಿಲ್ಲ.

ದೂರದೃಷ್ಟಿ ದೊಡ್ಡದೇ. ಆದರೆ ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುವವರು ಬಗ್ಗಿಯೇ ನೋಡಬೇಕು. ಮಗುವಿನ ತೊದಲು ತಿಳಿಯಬೇಕಾದರೂ ಅದರ ಎತ್ತರಕ್ಕೆ ಬಗ್ಗಬೇಕು. ಇವತ್ತು ನಮ್ಮ ಮುಂದಿರುವ ಕೆಲಸ ಯಾವುದೇ ಇರಲಿ, ಅದಕ್ಕೆ ಇನ್ನೊಂದು ಗೇಣು ಹತ್ತಿರವಾಗೋಣ.